ಮೂರನೇ ಸಲ ಬಡಿಸಿಕೊಂಡ ಅನ್ನ

ವಿಚಾರಣೆಗೆ ಹೊರಟ ದಿನ ಬೀಗಮುದ್ರೆ ಎಂಬ ಅಡ್ಡಹೆಸರಿನ ತಮ್ಮ ಅಕ್ಕನ ಮನೆಗೆ ಬಂದಾಗ ಅವನ ಅಂಗಿಯ ಕಾಲರು ಮುದುರಿಕೊಂಡಿತ್ತು. ಊರವರ ಬಟ್ಟೆ ಹೊಲಿದೇ ಬದುಕು ಕಟ್ಟಿದ ಹೆಂಗಸು ಅಕ್ಕ. ಮುದುರಿದ ಕಾಲರನ್ನು ಸಹಿಸುವವರ ಪೈಕಿಯಲ್ಲ. "ಬಿಚ್ಚು, ಇಲ್ಲಿ ಕೊಡು" ಅಂದಳು. ಷೇರುಪೇಟೆಯ ಪಟ್ಟಿಯಲ್ಲಿ ಹೆಸರಿರುವ ಕಂಪನಿಯ ಸೆಕ್ರೆಟರಿ, ತಲೆಯಲ್ಲಿ ಅರ್ಧ ಕೂದಲು ಬೆಳ್ಳಗಾದ ಮನುಷ್ಯ, ಬನಿಯನ್ನಿನಲ್ಲಿ ಕೈಕಟ್ಟಿ ನಿಂತು ಇಸ್ತ್ರಿ ಮುಗಿಯುವುದನ್ನು ಕಾಯಬೇಕಾಯಿತು.

"ತಲೆ ಎತ್ಕೊಂಡು ಹೋಗು ಪುಟ್ಟಾ," ಅಕ್ಕ ಇಸ್ತ್ರಿಪೆಟ್ಟಿಗೆ ಒತ್ತುತ್ತಲೇ ಹೇಳಿದಳು. "ಮಾಡಿದವರು ಯಾರೋ, ತಲೆ ತಗ್ಗಿಸೋನು ನೀನಾ? ನಮಗೆ ಮೋಸ ಮಾಡಿದ ಹಾಗೇ ನಿನಗೂ ಮಾಡಿದಾರೆ. ಆ ವಿಚಾರಣೆ ಮೇಡಂಗೆ ನಾನೇ ಹೇಳ್ತೀನಿ."

"ಅಕ್ಕ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಜಾಸ್ತಿ ಬೇಡ."

"ನಿನ್ನ ಥರ ಬಾಯಿಗೆ ಬೀಗ ಹಾಕ್ಕೊಂಡು ಕೂರೋಕೆ ನನಗೆ ಬರಲ್ಲಪ್ಪ."

ಭಾವ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, "ಹೊರಡಿ, ಹೊರಡಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದು ಕೂಗಿದರು. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ವರ್ಷಗಳೇ ಕಳೆದಿದ್ದವು. ಕೆಲಸ ಬಿಟ್ಟರೂ ಗಂಟಲು ಬಿಟ್ಟಿರಲಿಲ್ಲ.

ಇಸ್ತ್ರಿಯ ಬಿಸಿ ಇನ್ನೂ ಆರದ ಅಂಗಿಯನ್ನು ಬೀಗಮುದ್ರೆ ತೊಟ್ಟುಕೊಂಡ. ಅದು ಬೆನ್ನಿಗೆ ಹಿತವಾಗಿಯೇ ಇತ್ತು. ಆದರೆ ಅದನ್ನು ಇಸ್ತ್ರಿ ಮಾಡಿದ ಕೈಯನ್ನು ನೆನೆದರೆ ನೆಲ ಬಾಯಿಬಿಡಬಾರದೇ ಅನಿಸಿತು.

ಬೀಗಮುದ್ರೆ ಎನ್ನುವುದು ಆಫೀಸಿನವರು ಇಟ್ಟ ಹೆಸರು. ಕಂಪನಿ ನೀರಿನ ಮೀಟರು ತಯಾರಿಸುವಂಥದ್ದು. ಷೇರುಪೇಟೆಯ ಪಟ್ಟಿಯಲ್ಲಿ ಅದನ್ನು ಹುಡುಕಬೇಕಾದರೆ ಬೆರಳಿಟ್ಟುಕೊಂಡು ತೀರ ಕೆಳಕ್ಕೆ ಬರಬೇಕು, ಅಷ್ಟು ಸಣ್ಣದು. ನಿರ್ದೇಶಕರ ಮೀಟಿಂಗಿನಲ್ಲಿ ಕೂತು ನಡೆದದ್ದನ್ನು ಬರೆದುಕೊಳ್ಳುವುದು, ಹೊರಗೆ ಹೇಳಬೇಕಾದ್ದನ್ನು ಷೇರುಪೇಟೆಗೆ ತಿಳಿಸುವುದು, ಹೇಳಬಾರದ್ದನ್ನು ಯಾರೂ ಹೇಳದಂತೆ ನೋಡಿಕೊಳ್ಳುವುದು ಅವನ ಕೆಲಸ. ಈ ಕೊನೆಯದರಲ್ಲಿ ಅವನು ಎತ್ತಿದ ಕೈ. ಒಳಗಿನ ಸುದ್ದಿಯನ್ನು ಹೆಂಡತಿಗೂ ಹೇಳಕೂಡದು, ಹೆತ್ತವರಿಗೂ ಹೇಳಕೂಡದು, ಹೇಳಿದರೆ ಕೆಲಸವೂ ಹೋಗುತ್ತದೆ, ಕೋರ್ಟೂ ಹತ್ತಬೇಕಾಗುತ್ತದೆ ಎಂದು ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಎಚ್ಚರಿಕೆ ಕಳಿಸುತ್ತಿದ್ದ. ಲಿಫ್ಟಿನಲ್ಲಿ ಇಬ್ಬರು ಮಾತಾಡುತ್ತ ನಿಂತಿದ್ದರೆ ಇವನು ಒಳಗೆ ಕಾಲಿಟ್ಟ ತಕ್ಷಣ ಇಬ್ಬರೂ ಹವಾಮಾನದ ಬಗ್ಗೆ ಮಾತಾಡತೊಡಗುತ್ತಿದ್ದರು.

ಅವನಿಗೆ ಹೇಳಿಕೊಳ್ಳಲು ಹೆಂಡತಿ ಇರಲಿಲ್ಲ, ಹೆತ್ತವರೂ ಉಳಿದಿರಲಿಲ್ಲ. ಇದ್ದವಳು ಅಕ್ಕ. ಹೊಲಿಗೆಯಂತ್ರ ತುಳಿದು ತುಳಿದು ಅವನನ್ನು ಓದಿಸಿದವಳು ಅವಳೇ. ಪ್ರತಿ ಭಾನುವಾರ ಮಧ್ಯಾಹ್ನದ ಊಟ ಅವಳ ಮನೆಯಲ್ಲಿ. ಕಂಪನಿ ಷೇರುಪೇಟೆಗೆ ಬಂದ ವರ್ಷ, ನಮ್ಮ ಹುಡುಗನ ಕಂಪನಿ ಎಂಬ ಅಭಿಮಾನಕ್ಕೆ ಭಾವ ಒಂದಿಷ್ಟು ಷೇರು ಕೊಂಡರು. ಬೇರೆ ಸಂಸಾರದವರಾದ್ದರಿಂದ ಅವರು ಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ. ಆ ಮೇಲೆ ಭಾನುವಾರ ಬಂತೆಂದರೆ ಅದೇ ಪ್ರಶ್ನೆ.

"ಹೇಗಿದೆಯಪ್ಪ ನಮ್ಮ ಕಂಪನಿ?"

"ಹೇಳೋ ಹಾಗಿಲ್ಲ ಭಾವ."

"ಸರಿ ಬಿಡು. ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ. ಊಟನಾದ್ರೂ ಮಾಡು."

ಭಾವ ಹಾಗೆ ಬಿಡುವ ಆಸಾಮಿಯಲ್ಲ. ಟಿಕೆಟ್ ತೆಗೆಯದೆ ಕೂತವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಕಂಡಕ್ಟರು. "ಟಿಕೆಟ್ ಇಲ್ಲದೋನು ಕಂಡಕ್ಟರ್ ಹತ್ತಿರ ಬಂದಾಗ ಕಿಟಕಿಯಿಂದ ಆಚೆ ನೋಡ್ತಾನೆ, ಅಲ್ಲೇನೂ ಇಲ್ಲದಿದ್ರೂ" ಎಂದು ಅವರು ನೂರು ಸಲ ಹೇಳಿದ್ದರು. ಭಾವಮೈದನ ಬಾಯಿ ಬಿಡಿಸಲಾಗದೆ ಅವರು ಅವನ ತಟ್ಟೆಯನ್ನು ಓದತೊಡಗಿದರು. ಫ್ಯಾಕ್ಟರಿಯಲ್ಲಿ ಮುಷ್ಕರ ನಡೆಯುವ ಮುಂಚಿನ ಭಾನುವಾರ ಅವನು ಅನ್ನವನ್ನು ಕಲಸಿ ಕಲಸಿ ಬಿಟ್ಟಿದ್ದ. ದೊಡ್ಡ ಆರ್ಡರ್ ಬಂದ ಸುದ್ದಿ ಪೇಪರಿಗೆ ಬರುವ ಮುಂಚಿನ ಭಾನುವಾರ ಎರಡನೇ ಸಲ ಬಡಿಸಿಕೊಂಡಿದ್ದ. ಅಷ್ಟು ಸಾಕಾಯಿತು. ಅಲ್ಲಿಂದ ಮುಂದೆ ಗಂಡಹೆಂಡತಿ ಷೇರು ಇಟ್ಟುಕೊಳ್ಳುವುದು, ಮಾರುವುದು, ಎಲ್ಲಕ್ಕೂ ಅವನ ಹಸಿವೇ ಅಳತೆಗೋಲು.

ಇದು ಅವನಿಗೆ ಗೊತ್ತಾದದ್ದು ಒಂದು ದಿನ ಕೈತೊಳೆಯುವಾಗ. ನಲ್ಲಿ ನಿಲ್ಲಿಸಿದ ಮೇಲೆ ಒಳಗಿನಿಂದ ಭಾವನ ಪಿಸುಮಾತು ಕೇಳಿಸಿತು. "ಇವತ್ತು ಎರಡು ಸಲ. ಪರವಾಗಿಲ್ಲ, ಇರಲಿ ಬಿಡು." ಅಕ್ಕ ಕಿಸಕ್ಕೆಂದು ನಕ್ಕಳು. ಬೀಗಮುದ್ರೆಯೂ ಒದ್ದೆ ಕೈ ಹಿಡಿದುಕೊಂಡು ಸದ್ದಿಲ್ಲದೆ ನಕ್ಕ. ತಾನು ಕೇಳಿಸಿಕೊಂಡೆನೆಂದು ಅವರಿಗೆ ಹೇಳಲಿಲ್ಲ. ಊರೆಲ್ಲ ಇವನನ್ನು ಕಂಡು ಬಾಯಿ ಮುಚ್ಚಿಕೊಳ್ಳುವಾಗ ಇಬ್ಬರಾದರೂ ಇವನ ಹೊಟ್ಟೆಯ ಮೇಲೆ ಕಣ್ಣಿಟ್ಟಿದ್ದಾರಲ್ಲ ಎಂದು ಖುಷಿಯಾಯಿತು. ಅವರು ನೋಡುತ್ತಾರೆಂದು ಗೊತ್ತಿದ್ದೂ ಎಷ್ಟೋ ಭಾನುವಾರ ಉಂಡ, ಆದರೆ ಉಂಡದ್ದೆಲ್ಲ ನಿಜವಾದ ಹಸಿವಿನಿಂದಲೇ. ಆ ಒಂದು ಭಾನುವಾರದವರೆಗೆ.

ಅದರ ಹಿಂದಿನ ದಿನ, ಶನಿವಾರ, ನಿರ್ದೇಶಕರ ಮೀಟಿಂಗು ಇತ್ತು. ಲೆಕ್ಕ ಪರಿಶೋಧಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮಾರಾಟವಾಗಿದೆ ಎಂದು ಕಂಪನಿ ಜಗತ್ತಿಗೆಲ್ಲ ಹೇಳಿಕೊಂಡು ಬಂದ ಮೀಟರುಗಳಲ್ಲಿ ಅರ್ಧಕ್ಕರ್ಧ ಒಂದು ಬಾಡಿಗೆ ಗೋದಾಮಿನಲ್ಲಿ ಪೆಟ್ಟಿಗೆ ಕೂಡ ಒಡೆಯದೆ ಬಿದ್ದಿವೆ ಎಂದರು. ಯಾರೂ ಕೊಂಡಿರಲಿಲ್ಲ. ಕಂಪನಿಯ ಯಜಮಾನರು ಬೆವರು ಒರೆಸಿಕೊಂಡರು. ಇನ್ನೊಮ್ಮೆ ಎಣಿಸಿ ನೋಡಿ ಮುಂದಿನ ವಾರದ ಕೊನೆಗೆ ಷೇರುಪೇಟೆಗೆ ತಿಳಿಸುವುದೆಂದು ತೀರ್ಮಾನವಾಯಿತು. ಅಷ್ಟನ್ನೂ ಬೀಗಮುದ್ರೆಯೇ ಬರೆದುಕೊಂಡ. ಹೇಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಬಾಯಲ್ಲಿ ಬಿಸಿತುಪ್ಪ.

ಮಾರನೆಯ ದಿನ ಜ್ವರವೆಂದು ಹೇಳಿ ಮನೆಯಲ್ಲೇ ಮಲಗಿಬಿಡಬಹುದಿತ್ತು. ಮಲಗಲಿಲ್ಲ. ಅಕ್ಕನ ಮನೆಗೆ ಹೋಗಿ ತಟ್ಟೆಯ ಮುಂದೆ ಕೂತ. ಭಾವ ಪೇಪರಿನ ಮೇಲಂಚಿನಿಂದ ನೋಡುತ್ತಿದ್ದರು. ಅಕ್ಕ ಸೌಟು ಹಿಡಿದು ನಿಂತಿದ್ದಳು. ಮೊದಲ ತುತ್ತು ಗಂಟಲಲ್ಲೇ ನಿಂತಿತು. ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದರೆ ಸೋಮವಾರ ಬೆಳಿಗ್ಗೆಯೇ ಇವರು ಮಾರಿಬಿಡುತ್ತಾರೆ. ವಾರದ ಕೊನೆಗೆ ಸುದ್ದಿ ಹೊರಬಿದ್ದಾಗ ತನಿಖೆಯವರು ಮೊದಲು ಕೇಳುವುದೇ, ಒಳಗಿನವರ ನೆಂಟರಲ್ಲಿ ಯಾರು ಮಾರಿದರು ಎಂದು. ಆಗ ತನ್ನ ಕೆಲಸ, ತನ್ನ ಹೆಸರು, ತನ್ನ ಕುತ್ತಿಗೆ. ಯೋಚಿಸಿದ್ದು ಅಷ್ಟೇ. ಅಕ್ಕ ಭಾವ ಷೇರಿಗೆ ಹಾಕಿದ ಹಣದ ಬಗ್ಗೆ ಆಮೇಲೆ ಯೋಚಿಸಿದರಾಯಿತು ಎಂದುಕೊಂಡ. ತುತ್ತು ಇಳಿಸಿದ. ಎರಡನೇ ಸಲ ಬಡಿಸಿಕೊಂಡ. ಆ ಮೇಲೆ, ಜನ್ಮದಲ್ಲಿ ಮಾಡದ ಕೆಲಸ, ತಟ್ಟೆಯನ್ನು ತಾನೇ ಮುಂದೆ ಚಾಚಿದ.

"ಅಕ್ಕ, ಇನ್ನೊಂಚೂರು ಹಾಕು. ಇವತ್ತು ಎಷ್ಟು ಚೆನ್ನಾಗಿ ಮಾಡಿದೀಯಾ!"

ಅಕ್ಕನ ಮುಖ ಅರಳಿತು. ಭಾವ ಪೇಪರು ಮಡಿಸಿಟ್ಟರು. ಕಾನೂನು ಅವನಿಗೆ ಬಾಯಿ ಮುಚ್ಚಿಕೋ ಎಂದಿತ್ತು ನಿಜ. ಬಾಯಿ ತುಂಬಿಸಿಕೋ ಎಂದಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಒಂದು ಮುಚ್ಚಿದ ಅಂಗಡಿಯ ಹಿಂದೆ ನಿಂತು ಉಂಡದ್ದಷ್ಟನ್ನೂ ಕಕ್ಕಿದ.

ಅವರು ಷೇರುಗಳನ್ನು ಮಾರದೆ ಇಟ್ಟುಕೊಳ್ಳುತ್ತಾರೆ ಎಂದಷ್ಟೇ ಅವನ ಲೆಕ್ಕವಿತ್ತು. ಮೂರು ಸಲ ಉಂಡವನ ಕಂಪನಿಯ ಷೇರನ್ನು ಇನ್ನಷ್ಟು ಕೊಳ್ಳುತ್ತಾರೆ ಎಂದು ಹೊಳೆಯಲೇ ಇಲ್ಲ. ಅಕ್ಕ ತನ್ನ ಹೊಲಿಗೆ ಅಂಗಡಿ ಇದ್ದ ಬಾಡಿಗೆ ಕೋಣೆಯನ್ನು ಕೊಂಡುಕೊಳ್ಳಲೆಂದು ಕೂಡಿಟ್ಟಿದ್ದ ಗಂಟಿತ್ತು. ಸೋಮವಾರ ಗಂಡಹೆಂಡತಿ ಅದನ್ನು ತಂದು ಆ ಷೇರಿಗೆ ಸುರಿದರು. ವಾರದ ಕೊನೆಗೆ ಸುದ್ದಿ ಹೊರಬಿತ್ತು, ಷೇರು ಮಣ್ಣುಪಾಲಾಯಿತು. ಯಜಮಾನರು ರಾಜೀನಾಮೆ ಕೊಟ್ಟು ಆಸ್ಪತ್ರೆ ಸೇರಿಕೊಂಡರು. ಕಳೆದುಕೊಂಡವರು ಗುಂಪು ಕಟ್ಟಿಕೊಂಡು ಕೋರ್ಟಿಗೆ ಹೋದರು. ಒಂದು ದಾವೆಯ ಬೆನ್ನಿಗೆ ಇನ್ನೊಂದು ದಾವೆ, ಅದರ ಮೇಲೆ ಷೇರುಪೇಟೆ ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ತನಿಖೆ. ಅಂಗಡಿಯ ಕೋಣೆಯನ್ನು ಅದರ ಮಾಲೀಕ ಮೊಬೈಲ್ ರಿಪೇರಿಯವನಿಗೆ ಮಾರಿದ. ಹೊಲಿಗೆಯಂತ್ರ ಅಕ್ಕನ ಮನೆಯ ಹಾಲಿಗೆ, ಊಟದ ಮೇಜಿನ ಪಕ್ಕಕ್ಕೆ ಬಂತು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅಕ್ಕ ಬೈಯಲಿಲ್ಲ. "ನಂಬಿ ದುಡಿದ ನಿನಗೇ ಹೀಗೆ ಮಾಡಿದ್ರಲ್ಲೋ" ಎಂದು ಅವನ ಬೆನ್ನು ಸವರಿದಳು. ಅವನಿಗೆ ಅನ್ನ ಸೇರದಾದಾಗ, "ಹೋಗಿದ್ದು ಹೋಯ್ತು, ಕೊರಗಬೇಡ, ತಿನ್ನು" ಎಂದು ಪಕ್ಕದಲ್ಲಿ ಕೂತು ಒತ್ತಾಯಿಸಿದಳು. ಆ ಒತ್ತಾಯದ ಒಂದೊಂದು ತುತ್ತೂ ಅವನಿಗೆ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಹೇಳಿಬಿಡಬೇಕು ಎಂದು ಬಾಯಿ ತೆರೆಯುತ್ತಿದ್ದ. ಅಕ್ಕ ಅದೇ ಬಾಯಿಗೆ ನೀರಿನ ಲೋಟ ಹಿಡಿಯುತ್ತಿದ್ದಳು.

ಅವನು ಕಂಪನಿಗೆ ಸಲ್ಲಿಸಿದ್ದ ನೆಂಟರ ಪಟ್ಟಿಯಿಂದ ಅಕ್ಕನ ಹೆಸರು ಸಿಕ್ಕಿ, ತನಿಖೆಯವರು ಮೂವರನ್ನೂ ಕರೆಸಿದ್ದರು.

ಆ ಕಚೇರಿಯ ಕಾರಿಡಾರಿನಲ್ಲಿ ಉದ್ದ ಬೆಂಚು, ಪೇಂಟು ಹೊಡೆದ ಕಬ್ಬಿಣದ ಬೀರುಗಳು, ಪಾಟಿನಲ್ಲಿ ಒಣಗಿದ ಒಂದು ಗಿಡ ಇದ್ದವು. ಕಂಪನಿಯ ವಕೀಲರು ಬೀಗಮುದ್ರೆಯನ್ನು ಮೂಲೆಗೆ ಕರೆದರು. "ನೋಡಿ, ಹೌದು, ಇಲ್ಲ, ನೆನಪಿಲ್ಲ. ಇವಿಷ್ಟೇ ನಿಮ್ಮ ಡಿಕ್ಷನರಿ. ನೀವು ಯಾರಿಗಾದ್ರೂ ಏನಾದ್ರೂ ಹೇಳಿದ್ದುಂಟಾ?"

"ಇಲ್ಲ."

"ಮತ್ಯಾಕೆ ಬೆವರ್ತಿದೀರಿ? ಹೋಗಿ ಮುಖ ತೊಳ್ಕೊಂಡು ಬನ್ನಿ."

ಒಳಗೆ ತನಿಖಾಧಿಕಾರಿ ಒಬ್ಬ ಹೆಂಗಸು. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಪಕ್ಕದಲ್ಲಿ ಟೈಪು ಮಾಡುವವನೊಬ್ಬ. ಸಣ್ಣ ವಿಷಯ, ಬೇಗ ಮುಗಿಸೋಣ ಎಂದು ಮೂವರನ್ನೂ ವಕೀಲರ ಜೊತೆ ಒಟ್ಟಿಗೇ ಕೂರಿಸಿಕೊಂಡರು. ಅಕ್ಕ ನಡುವಿನ ಕುರ್ಚಿಯಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಅಮ್ಮಾ, ನನಗೆ ಅರ್ಥವಾಗದೆ ಇರೋದು ಒಂದೇ," ಅಧಿಕಾರಿ ಕೇಳಿದರು. "ಕೆಟ್ಟ ಸುದ್ದಿ ಬರೋ ಮುಂಚೆ ಒಳಗಿನವರ ನೆಂಟರು ಮಾರ್ತಾರೆ. ಅಂಥವರನ್ನ ದಿನಾ ನೋಡ್ತೀನಿ. ನೀವು ಇದ್ದಬದ್ದದ್ದೆಲ್ಲ ಹಾಕಿ ಕೊಂಡಿದೀರಿ. ಅದೂ ಅದೇ ವಾರ. ಯಾಕೆ?"

ವಕೀಲರು ಕೆಮ್ಮಿದರು. ಬೀಗಮುದ್ರೆ ಕಿಟಕಿಯಿಂದಾಚೆ ನೋಡಿದ. ಅಲ್ಲಿ ಎದುರು ಕಟ್ಟಡದ ಗೋಡೆ ಬಿಟ್ಟು ಏನೂ ಇರಲಿಲ್ಲ. ತಿರುಗಿದಾಗ ಭಾವ ತನ್ನನ್ನೇ ನೋಡುತ್ತಿದ್ದುದು ಕಾಣಿಸಿತು. ಆ ನೋಟ ಕಂಡಕ್ಟರಿನದು.

ಅಕ್ಕನಿಗೆ ಮಾತ್ರ ಇದೇ ಪ್ರಶ್ನೆ ಬೇಕಾಗಿತ್ತು. ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಮೇಡಂ, ನನ್ನ ತಮ್ಮ ಚಿನ್ನದಂಥವನು. ಕಂಪನಿ ವಿಷಯ ಇವತ್ತಿನವರೆಗೆ ಒಂದಕ್ಷರ ಬಾಯಿ ಬಿಟ್ಟಿಲ್ಲ. ಆಫೀಸಲ್ಲಿ ಅವನನ್ನ ಬೀಗಮುದ್ರೆ ಅಂತಲೇ ಕರೀತಾರೆ, ಬೇಕಾದ್ರೆ ವಿಚಾರಿಸಿ. ಅವನು ಹೇಳಲ್ಲ ಅಂತ ನಾವು ಅವನು ಊಟ ಮಾಡೋದನ್ನ ನೋಡ್ತೀವಿ, ಅಷ್ಟೇ."

ಟೈಪು ಮಾಡುವವನ ಬೆರಳು ನಿಂತಿತು. "ಊಟಾನಾ?" ಅಂದ.

"ಹೂಂ, ಊಟ. ಮನಸ್ಸಲ್ಲಿ ಚಿಂತೆ ಇದ್ರೆ ಅವನಿಗೆ ಅನ್ನ ಇಳಿಯಲ್ಲ. ಎತ್ತಿ ಆಡಿಸಿದವಳು ನಾನು, ನನಗೆ ಗೊತ್ತಿಲ್ವಾ? ಚೆನ್ನಾಗಿ ಉಂಡ್ರೆ ಕಂಪನಿ ಚೆನ್ನಾಗಿದೆ. ಆ ಭಾನುವಾರ ಮೂರು ಸಲ ಹಾಕಿಸ್ಕೊಂಡ ಮೇಡಂ! ತಟ್ಟೆ ಚಾಚಿ ಕೇಳಿ ಹಾಕಿಸ್ಕೊಂಡ. ಅದಕ್ಕೇ ಸೋಮವಾರ ಕೊಂಡ್ವಿ. ಈಗ ನೀವೇ ಹೇಳಿ, ಒಳಗೆ ನಡೀತಿದ್ದ ಮೋಸ ಅವನಿಗೆ ಗೊತ್ತಿದ್ರೆ ಹಾಗೆ ಉಣ್ತಿದ್ನಾ? ಅವನಿಗೆ ಏನೂ ಗೊತ್ತಿರಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

ಹೇಳಿ ಮುಗಿಸಿ ತಮ್ಮನ ಕಡೆ ಹೆಮ್ಮೆಯಿಂದ ನೋಡಿದಳು. ನಾನಿದ್ದೀನಲ್ಲ ಎನ್ನುವಂತೆ ಅವನ ಮೊಣಕೈಯನ್ನು ಒಮ್ಮೆ ಅಮುಕಿದಳು.

ಅಧಿಕಾರಿ ನಗಲಿಲ್ಲ. ಮುಂದಿದ್ದ ಕಾಗದಗಳನ್ನು ತಿರುವಿ ಬೀಗಮುದ್ರೆಯನ್ನು ಕೇಳಿದರು. "ಅದರ ಹಿಂದಿನ ದಿನ, ಶನಿವಾರ, ನಿರ್ದೇಶಕರ ಮೀಟಿಂಗಿನಲ್ಲಿ ನೀವಿದ್ರಿ, ಅಲ್ವಾ?"

"ಹೌದು."

"ಗೋದಾಮಿನ ವಿಷಯ ಮೊದಲು ಬಂದಿದ್ದು ಅಲ್ಲಿ."

ವಕೀಲರು ಮೇಜಿನ ಕೆಳಗೆ ಅವನ ಕಾಲು ತುಳಿದರು. ನೆನಪಿಲ್ಲ ಎನ್ನಬಹುದಿತ್ತು, ಡಿಕ್ಷನರಿಯಲ್ಲಿ ಆ ಮಾತಿತ್ತು. ಮೊಣಕೈ ಮೇಲೆ ಅಕ್ಕನ ಕೈ ಇನ್ನೂ ಇತ್ತು.

"ಹೌದು," ಅಂದ.

ಅಕ್ಕನ ತುಟಿ ಸಣ್ಣಗೆ ಅಲುಗಿತು. ಶನಿವಾರ, ಭಾನುವಾರ, ಸೋಮವಾರ. ಬಟ್ಟೆಯ ಅಳತೆ ಲೆಕ್ಕ ಹಾಕುವಾಗ ಅವಳು ಹೀಗೇ ತುಟಿ ಅಲುಗಿಸುತ್ತಿದ್ದಳು. ಲೆಕ್ಕ ಮುಗಿಯಿತು. ಮೊಣಕೈ ಮೇಲಿದ್ದ ಕೈ ಎದ್ದು ಕೈಚೀಲದ ಮೇಲೆ ಹೋಗಿ ಕೂತಿತು.

ಅಧಿಕಾರಿ ಮೂಗು ಒರೆಸಿಕೊಂಡು ಅವನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಟೈಪಿನವನಿಗೆ ಹೇಳಿದರು, "ಸಂಬಂಧಿಕರಿಗೆ ಯಾವುದೇ ಒಳಗಿನ ಮಾಹಿತಿ ಹೋಗಿಲ್ಲ ಅಂತ ಹಾಕಿ." ಇವನ ಕಡೆ ತಿರುಗಿ, "ಈ ವಿಷಯದಲ್ಲಿ ನಿಮ್ಮ ಮೇಲೆ ಏನೂ ಇಲ್ಲ. ಹೋಗಬಹುದು" ಅಂದರು.

ಕಾರಿಡಾರಿನಲ್ಲಿ ವಕೀಲರು ಅವನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. "ನಿಮ್ಮಕ್ಕ ಇದಾರಲ್ಲ, ನನ್ನಂಥ ಹತ್ತು ವಕೀಲರಿಗೆ ಸಮ!" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನನ್ನು ಹಿಡಿಯುವುದು ಸುಲಭ. ನೀನು ಕಳ್ಳನಲ್ಲ ಎಂದು ಬರೆದುಕೊಟ್ಟ ಮೇಲೂ ಹೆಗಲು ಉರಿಯುತ್ತಿರುವವನು ಎಲ್ಲಿ ಹೋಗಿ ಹೇಳಿಕೊಳ್ಳಬೇಕು?

ಬಸ್ಸಿನಲ್ಲಿ ಅಕ್ಕ ಒಬ್ಬಳೇ ಕೂತಳು. ಭಾವ ಸೀಟಿದ್ದರೂ ಕಂಬಿ ಹಿಡಿದು ನಿಂತರು. ಇಳಿಯುವ ನಿಲ್ದಾಣದಲ್ಲಿ ಬಸ್ಸು ಹೊಗೆ ಬಿಟ್ಟುಕೊಂಡು ಹೋದ ಮೇಲೆ ಅಕ್ಕ ನಿಂತು ಅವನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ನಾವು ನಿನ್ನ ತಟ್ಟೆ ನೋಡ್ತೀವಿ ಅಂತ ನಿನಗೆ ಗೊತ್ತಿತ್ತಾ?"

ಇಲ್ಲ ಎಂದರೆ ಅರ್ಧ ಪಾರಾಗುತ್ತಿದ್ದ. ಗೊತ್ತಿಲ್ಲದೆ ಉಂಡೆ, ಚಿಂತೆಯಿದ್ದರೂ ಹಸಿವಾಗಿತ್ತು ಎಂದರೆ ಅಕ್ಕ ನಂಬುತ್ತಿದ್ದಳು. ಅವಳ ಕಣ್ಣು ಆ ಇಲ್ಲ ಎಂಬ ಮಾತಿಗೇ ಕಾಯುತ್ತಿತ್ತು, ಬೇಡುತ್ತಿತ್ತು. ಅಕ್ಕನೇ ಇಸ್ತ್ರಿ ಮಾಡಿದ ಕಾಲರು ಅವನ ಕತ್ತಿಗೆ ಒತ್ತುತ್ತಿತ್ತು.

"ಗೊತ್ತಿತ್ತು ಅಕ್ಕ."

ಅವಳು ತಲೆಯಾಡಿಸಿದಳು, ಗಿರಾಕಿಯೊಬ್ಬರು ಬಟ್ಟೆ ವಾಪಸು ತಂದಾಗ ಆಡಿಸುವಂತೆ. ಮನೆಯ ಕಡೆ ನಡೆದಳು. ಭಾವ ಅವಳ ಹಿಂದೆ ಹೋದರು.

ಮುಂದಿನ ಭಾನುವಾರ ಬಾ ಎಂದು ಅಕ್ಕ ಫೋನು ಮಾಡಲಿಲ್ಲ. ಬರಬೇಡ ಎಂದೂ ಹೇಳಿರಲಿಲ್ಲ. ಮಾನಗೆಟ್ಟವನ ಹಾಗೆ ಹೋಗಿ ಬಾಗಿಲಲ್ಲಿ ನಿಂತ. ಹಾಲಿನಲ್ಲಿ ಅಕ್ಕ ಹೊಲಿಯುತ್ತಿದ್ದಳು. ತಲೆಯೆತ್ತಿ, "ಕೈ ತೊಳ್ಕೊ" ಅಂದಳು. ಮೇಜಿನ ಒಂದು ಮಗ್ಗುಲಲ್ಲಿ ಯಾರದೋ ಕುಪ್ಪಸದ ತೋಳುಗಳು, ಇನ್ನೊಂದು ಮಗ್ಗುಲಲ್ಲಿ ಎರಡು ತಟ್ಟೆ. ಅನ್ನ ಬಡಿಸಿದಳು, ಸಾರು ಬಡಿಸಿದಳು, ಎಂದಿನಷ್ಟೇ ಬಡಿಸಿದಳು. ಭಾವ ಪೇಪರನ್ನು ಮುಖಕ್ಕೆ ಪೂರ್ತಿ ಅಡ್ಡ ಹಿಡಿದಿದ್ದರು. ಮೇಲಂಚಿನಿಂದ ಯಾವ ಕಣ್ಣೂ ಇಣುಕಲಿಲ್ಲ.

ವಿಚಿತ್ರವೆಂದರೆ ಅವತ್ತು ಅವನಿಗೆ ಹಸಿವಾಗಿತ್ತು. ಎಷ್ಟೋ ತಿಂಗಳ ನಂತರ ಹೊಟ್ಟೆಯಲ್ಲಿ ಮುಚ್ಚಿಡಲು ಏನೂ ಉಳಿದಿರಲಿಲ್ಲ, ಹಸಿವು ಹಳೆಯ ನೆಂಟನಂತೆ ಬಂದು ಕೂತಿತ್ತು. ಇಂಥ ದಿನವೂ ಹಸಿವಾಗುತ್ತದಲ್ಲ ಎಂದು ನಾಚಿಕೆಯಾಯಿತು. ಆದರೂ ಉಂಡ. ತಟ್ಟೆ ಖಾಲಿಯಾಯಿತು. ಕೈಯನ್ನು ತಟ್ಟೆಯ ಮೇಲಿಟ್ಟುಕೊಂಡು, ತಾನು ಹುಟ್ಟಿದಂದಿನಿಂದ ಅಕ್ಕ ಕೇಳಿಕೊಂಡು ಬಂದ ಆ ಮಾತಿಗೆ, ಇನ್ನೊಂಚೂರು ಹಾಕಲಾ ಎನ್ನುವ ಮಾತಿಗೆ ಕಾದು ಕೂತ.

ಅಕ್ಕ ಯಂತ್ರ ನಿಲ್ಲಿಸಿ ಎದ್ದು ಬಂದಳು. ಅನ್ನದ ಪಾತ್ರೆಯನ್ನು, ಸೌಟನ್ನು ಅವನ ಮುಂದಕ್ಕೆ ಸರಿಸಿದಳು.

"ಬೇಕಾದ್ರೆ ನೀನೇ ಹಾಕ್ಕೋ."

ವಾಪಸು ಹೋಗಿ ಯಂತ್ರದ ಮುಂದೆ, ಅವನಿಗೆ ಬೆನ್ನು ಮಾಡಿ ಕೂತಳು. ಸೂಜಿ ಮತ್ತೆ ಓಡತೊಡಗಿತು. ಪಾತ್ರೆಯಲ್ಲಿ ಅನ್ನವಿತ್ತು, ಹೊಟ್ಟೆಯಲ್ಲಿ ಹಸಿವಿತ್ತು, ನೋಡುವವರು ಯಾರೂ ಇರಲಿಲ್ಲ. ತಟ್ಟೆಯ ಮೇಲೆ ಅವನ ಕೈ ಒಣಗುತ್ತಿತ್ತು.